ಸೆಣಬಿನ ಜಾಝ್

"ನನ್ನ ಮಗಳು ಮ್ಯೂಸಿಕ್ ಟೀಚರ್" ಎಂದು ಅಪ್ಪ ಬಹಳ ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ಬಂದರು. ಇದು ಶುದ್ಧ ಸುಳ್ಳು. ನಾನು ಯಾರಿಗೂ ಏನನ್ನೂ ಕಲಿಸಿದವಳಲ್ಲ. ಒಂದೇ ತಪ್ಪನ್ನು ಎರಡನೇ ಸಲ ಕೇಳಿದರೆ ಸಾಕು, ಮೂಗಿನ ತುದಿಯಲ್ಲೇ ಇರುವ ನನ್ನ ಕೋಪ ಹೊರಗೆ ಬಂದುಬಿಡುತ್ತದೆ. ಆದರೆ ಮಗಳು ಜಾಝ್ ಗಿಟಾರ್ ನುಡಿಸುತ್ತಾಳೆ, ತಾನೇ ಸಂಗೀತ ರಚಿಸುತ್ತಾಳೆ ಎಂದು ಕಚೇರಿಯಲ್ಲಿ ಹೇಳಿದರೆ, "ಅದು ಸರಿ, ಕೆಲಸ ಎಲ್ಲಿ?" ಎಂದು ಕೇಳುತ್ತಿದ್ದರಂತೆ. ಟೀಚರ್ ಎಂದರೆ ಮುಂದಿನ ಪ್ರಶ್ನೆಯೇ ಬರುತ್ತಿರಲಿಲ್ಲ. ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಟೈಪಿಸ್ಟ್ ಆಗಿ ಸೇರಿ ಸೆಕ್ಷನ್ ಆಫೀಸರ್ ಆದವರು. ಮುಂದಿನ ಪ್ರಶ್ನೆ ಬಾರದ ಹಾಗೆ ಉತ್ತರ ಬರೆಯುವುದೇ ಅವರ ಜೀವನದ ಕಸುಬು.

ನಾವಿದ್ದದ್ದು ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರಿನಲ್ಲಿ, ನೆಲಮಹಡಿ. ಎರಡು ಕೋಣೆ, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಬಚ್ಚಲು, ಮುಂದೆ ಒಂದು ತುಂಡು ಹುಲ್ಲುಹಾಸು. ಅಮ್ಮ ಮದುವೆಯಾಗಿ ಮಂಡ್ಯದಿಂದ ನೇರ ಬಂದಿಳಿದದ್ದು ಆ ಮನೆಗೆ. ಬಂದ ಮೊದಲ ವಾರ ಅತ್ತಳಂತೆ. ಆಮೇಲೆ ಅಪ್ಪನಿಗೆ ಬಡ್ತಿ ಸಿಕ್ಕು ಬೇರೆ ಕಾಲೋನಿಯಲ್ಲಿ ದೊಡ್ಡ ಮನೆ ಸಿಗುತ್ತದೆ ಎಂದಾಗ, "ನೀವು ಬೇಕಾದ್ರೆ ಹೋಗಿ ಇರಿ, ನಾನು ಬರಲ್ಲ" ಎಂದಳು. ಅಕ್ಕಪಕ್ಕದ ನಾಲ್ಕು ಬ್ಲಾಕಿನಲ್ಲಿ ಅವಳಿಗೆ ಗೊತ್ತಿಲ್ಲದ ಮನೆ ಇರಲಿಲ್ಲ. ಮಧ್ಯಾಹ್ನ ಚಳಿಗಾಲದ ಬಿಸಿಲಿಗೆ ಹುಲ್ಲಿನ ಮೇಲೆ ಚಾಪೆ ಹಾಸಿದರೆ ಒಬ್ಬೊಬ್ಬರಾಗಿ ಸ್ವೆಟರ್ ಹೆಣೆಯುವವರು, ಬಟಾಣಿ ಬಿಡಿಸುವವರು ಬಂದು ಕೂರುತ್ತಿದ್ದರು. ಪಂಜಾಬಿಯವರು, ಗಢವಾಲದವರು, ತಮಿಳರು. ಅಮ್ಮನ ಹಿಂದಿ ಕೇಳಿದರೆ ನನಗೆ ಈಗಲೂ ನಗು ಬರುತ್ತದೆ, ಆದರೆ ಆ ಹಿಂದಿಯಲ್ಲೇ ಅವಳು ಎರಡು ಮದುವೆ ಕುದುರಿಸಿದ್ದಾಳೆ.

ಸರ್ಕಾರಿ ಕಾಲೋನಿಯಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ವರ್ಗವಾದರೆ, ಲಾರಿಗೆ ಹಿಡಿಸದ ಸಾಮಾನು ನೆರೆಹೊರೆಯವರ ಪಾಲು. ಒಬ್ಬರಿಗೆ ಕೂಲರ್, ಒಬ್ಬರಿಗೆ ತುಳಸಿ ಕುಂಡ, ಇನ್ನೊಬ್ಬರಿಗೆ ಮಂಚ. ನಮ್ಮ ಮೇಲಿನ ಮನೆಯಲ್ಲಿದ್ದ ಶಿಲ್ಲಾಂಗಿನ ದಂಪತಿಗೆ ವರ್ಗವಾದಾಗ ನಮ್ಮ ಪಾಲಿಗೆ ಬಂದದ್ದು ಒಂದು ಗಿಟಾರು ಮತ್ತು ಒಂದು ಚೀಲ ಕ್ಯಾಸೆಟ್. ಅಮ್ಮ ಇಸ್ತ್ರಿ ಮೇಜಿನ ಆಸೆಯಲ್ಲಿದ್ದಳು, ಅದು ಎದುರುಮನೆಗೆ ಹೋಯಿತು. ಹೋಗುವ ಮುಂಚೆ ಆ ಆಂಟಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಬೆರಳು ಎಲ್ಲಿಡಬೇಕೆಂದು ತೋರಿಸಿಕೊಟ್ಟರು. ಉಳಿದದ್ದನ್ನು ಕ್ಯಾಸೆಟ್‌ಗಳು ಕಲಿಸಿದವು. ಅವುಗಳಲ್ಲಿ ಇದ್ದದ್ದೆಲ್ಲ ಜಾಝ್. ಅದು ಜಾಝ್ ಎಂಬುದೂ ನನಗೆ ಗೊತ್ತಿರಲಿಲ್ಲ. ನುಡಿಸುವವರು ಯಾರೋ ಹೇಳಿದ ಮಾತನ್ನು ಹಾಗೇ ಕೇಳುವವರಲ್ಲ ಎಂಬುದಷ್ಟೇ ಗೊತ್ತಾಗಿ, ನಮ್ಮವರೇ ಅನ್ನಿಸಿತ್ತು.

ಜಾಝ್ ಗೊತ್ತಿಲ್ಲದವರಿಗೆ ನಾನು ಹೇಳುವುದಿಷ್ಟೆ. ಮೊದಲು ಎಲ್ಲರೂ ಸೇರಿ ಮೂಲ ಧಾಟಿಯನ್ನು ಒಮ್ಮೆ ನೆಟ್ಟಗೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ಹಿಂಜಿ, ಎಳೆದು, ತಿರುಚಿ ಮನಸ್ಸಿಗೆ ಬಂದಂತೆ ಬೆಳೆಸುತ್ತಾರೆ. ಎಲ್ಲಿ ಅಲೆದರೂ ಕೊನೆಗೆ ಮೂಲ ಧಾಟಿಗೆ ಬಂದೇ ಮುಗಿಸಬೇಕು. ಲಯವೂ ಗಡಿಯಾರದ ಹಾಗೆ ಸಮವಾಗಿ ನಡೆಯುವುದಿಲ್ಲ. ಜೋಡಿ ಸ್ವರಗಳಲ್ಲಿ ಮೊದಲನೆಯದು ಕೊಂಚ ಎಳೆಯುತ್ತದೆ, ಎರಡನೆಯದು ಓಡಿಬಂದು ಸೇರಿಕೊಳ್ಳುತ್ತದೆ. ಒಮ್ಮೆ ಆ ನಡಿಗೆ ಮೈಗೆ ಹತ್ತಿದರೆ ಬಿಡುವುದು ಕಷ್ಟ. ನಾನು ಚಪಾತಿ ಲಟ್ಟಿಸಿದರೂ ಅದೇ ನಡೆ, ಅದಕ್ಕೇ ಅವು ದುಂಡಗೆ ಬರುವುದಿಲ್ಲ ಎಂದು ಅಮ್ಮನ ದೂರು.

ಕಾಲೇಜು ಮುಗಿಯುವ ಹೊತ್ತಿಗೆ ನನಗೆ ಜೊತೆಗಾರರು ಸಿಕ್ಕಿದ್ದರು. ಡ್ರಮ್ಸ್ ನುಡಿಸುವವನು ಪಕ್ಕದ ಕೋಟ್ಲಾದಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ಇಟ್ಟವರ ಮಗ. ಬೇಸ್ ಗಿಟಾರಿನವನು ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಬಂಗಾಳಿ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ನಮ್ಮ ಅಭ್ಯಾಸವೆಲ್ಲ ಕೋಟ್ಲಾದ ಗೋಡೌನಿನಲ್ಲಿ, ಕಮೋಡುಗಳ ನಡುವೆ. ಪಿಂಗಾಣಿ ಇರುವ ಕಡೆ ಧ್ವನಿ ಎಷ್ಟು ಚೆನ್ನಾಗಿ ಮೊಳಗುತ್ತದೆ ಎಂದು ಅಲ್ಲಿ ನುಡಿಸಿದವರಿಗೇ ಗೊತ್ತು. ಮುಂದೆ ಒಳ್ಳೊಳ್ಳೆಯ ಸ್ಟುಡಿಯೋಗಳಲ್ಲಿ ನುಡಿಸಿದ್ದೇನೆ, ಆ ಗೋಡೌನಿನ ಸುಖ ಬೇರೆಯೇ.

ಆಗ ಗುಡಗಾಂವಿನಲ್ಲಿ ಒಂದರ ಹಿಂದೊಂದು ಮಾಲ್ ಏಳುತ್ತಿದ್ದ ಕಾಲ. ಉದ್ಘಾಟನೆಗೆಲ್ಲ "ಲೈವ್ ಮ್ಯೂಸಿಕ್" ಬೇಕಾಗಿತ್ತು, ಯಾವ ಮ್ಯೂಸಿಕ್ ಎಂದು ಯಾರೂ ಕೇಳುತ್ತಿರಲಿಲ್ಲ. ಎಸ್ಕಲೇಟರಿನ ಬುಡದಲ್ಲಿ ನಿಂತು ನುಡಿಸಿದ್ದೇವೆ. ಜನ ನಮ್ಮನ್ನಲ್ಲ, ಎಸ್ಕಲೇಟರನ್ನು ನೋಡಲು ಬಂದಿರುತ್ತಿದ್ದರು. ಛತ್ತರಪುರದ ತೋಟದ ಮನೆಗಳಲ್ಲಿ ಮದುವೆಗೆ ನುಡಿಸಿದ್ದೇವೆ. ಒಂದು ಮದುವೆಯಲ್ಲಿ ಹುಡುಗನ ಮಾವ ಹತ್ತಿರ ಬಂದು, "ಬೇಟಾ, ಟ್ಯೂನಿಂಗ್ ಆಯ್ತಾ? ಚಲೋ, ಈಗ ಹಾಡು ಶುರು ಮಾಡಿ" ಎಂದು ಹಿಂದಿಯಲ್ಲಿ ಅಕ್ಕರೆಯಿಂದ ಹೇಳಿದರು. ಆಗಲೇ ಮೂರು ಹಾಡು ಮುಗಿದಿತ್ತು.

ಈ ಸುಖದಲ್ಲಿ ನಾನಿರುವಾಗ ಅಪ್ಪನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಅದು ಮನೆಯ ಲೆಕ್ಕ. ಸರ್ಕಾರಿ ನೌಕರ ನಿವೃತ್ತನಾದರೆ ಕ್ವಾರ್ಟರ್ ಬಿಡಬೇಕು. ಆದರೆ ಅಷ್ಟರೊಳಗೆ ಮಗನೋ ಮಗಳೋ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿ, ಅಪ್ಪನ ಜೊತೆಗೇ ಕೆಲವು ವರ್ಷ ವಾಸವಿದ್ದರೆ, ಅದೇ ಮನೆಯೋ ಅದೇ ಕಾಲೋನಿಯ ಇನ್ನೊಂದು ಮನೆಯೋ ಮಕ್ಕಳ ಹೆಸರಿಗೆ ಬರುವ ಸಾಧ್ಯತೆ ಇತ್ತು. ನಮ್ಮ ಕಾಲೋನಿಯಲ್ಲಿ ಎಷ್ಟೋ ಹುಡುಗರು ಗುಮಾಸ್ತರಾದದ್ದು ಹೀಗೆ, ದೇಶಸೇವೆಗಿಂತ ಅಮ್ಮನ ಅಡುಗೆಮನೆ ಉಳಿಸಲು. ನಾನು ಒಬ್ಬಳೇ ಮಗಳು. ಅಪ್ಪ ಒಂದು ಭಾನುವಾರ ಕಾಫಿ ಕುಡಿಯುತ್ತ ವಿಷಯ ತೆಗೆದರು.

"ನೋಡಮ್ಮ, ಗಿಟಾರ್ ಬಿಡು ಅಂತ ನಾನು ಹೇಳ್ತಿಲ್ಲ. ಸಂಜೆ ಐದೂವರೆಗೆ ಆಫೀಸು ಬಿಡುತ್ತೆ. ಆಮೇಲೆ ಏನು ಬೇಕಾದ್ರೂ ಬಾರಿಸ್ಕೊ."

"ನಾನೆಲ್ಲಪ್ಪ, ಎಲ್‌ಡಿಸಿ ಗುಮಾಸ್ತಿಕೆ ಎಲ್ಲಪ್ಪ?"

"ನಾನೂ ಅಲ್ಲಿಂದಾನೇ ಬಂದೋನು. ನಿಮ್ಮಮ್ಮ ಈ ಮನೆ ಬಿಟ್ಟು ಎಲ್ಲಿ ಇರ್ತಾಳೆ, ನೀನೇ ಹೇಳು."

ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಅವಳು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. ಬೈದಿದ್ದರೆ ಜಗಳ ಆಡಿ ಗೆಲ್ಲುತ್ತಿದ್ದೆ. ಸರಿ ಎಂದೆ.

ಚಳಿಗಾಲ ಪೂರ್ತಿ ಬಸ್ಸಿನಲ್ಲಿ ಜೋತಾಡಿಕೊಂಡು ಮುಖರ್ಜಿ ನಗರದ ಕೋಚಿಂಗಿಗೆ ಹೋದೆ. ಕಲೆಕ್ಟರಾಗಲು ಹೊರಟವರ ನಡುವೆ ಗುಮಾಸ್ತೆಯಾಗಲು ಹೊರಟವಳಿಗೆ ಅಲ್ಲಿ ಅಂಥ ಮರ್ಯಾದೆಯೇನೂ ಇರಲಿಲ್ಲ, ಆದರೆ ಅಲ್ಲಿನ ಪರಾಠಾ ಚೆನ್ನಾಗಿತ್ತು. ಬರೆಯುವ ಪರೀಕ್ಷೆ ಪಾಸಾದೆ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ನನಗೆ. ಇನ್ನು ಉಳಿದದ್ದು ಟೈಪಿಂಗ್, ನಿಮಿಷಕ್ಕೆ ಮೂವತ್ತು ಪದ. ಗಿಟಾರ್ ನುಡಿಸುವ ಬೆರಳಿಗೆ ಅದೇನು ಮಹಾ ಎಂದು ಕಾಲೋನಿಯವರೆಲ್ಲ ಹೇಳಿದರು. ಅಮ್ಮ ಆಗಲೇ ಬಚ್ಚಲಿನ ಬಾಗಿಲನ್ನು ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿಬಿಟ್ಟಳು. ವಯಸ್ಸಿನ ಮಿತಿಯ ಪ್ರಕಾರ ಅದು ನನ್ನ ಕೊನೆಯ ಅವಕಾಶವಾಗಿತ್ತು.

ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ, ಸ್ವೆಟರ್ ಅಂಗಡಿಯ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಅಲ್ಲಿನ ಮಾಸ್ಟರ್‌ಜಿ ಕಣ್ಣು ಮುಚ್ಚಿಕೊಂಡೇ ಯಾರು ಯಾವ ಬೆರಳು ತಪ್ಪಿಟ್ಟರು ಎಂದು ಹೇಳುತ್ತಿದ್ದರು. ಮೂರನೇ ದಿನ ನನ್ನ ಹಿಂದೆ ಬಂದು ನಿಂತರು.

"ಬೇಟಾ, ಯೇ ಢೋಲಕ್ ನಹೀ ಹೈ. ಬರಾಬರ್ ಚಲಾವೋ, ಬರಾಬರ್."

ಬರಾಬರ್ ಅಂದರೆ ಸಮ. ಪ್ರತಿ ಅಕ್ಷರಕ್ಕೂ ಒಂದೇ ಹೊತ್ತು, ಒಂದೇ ಒತ್ತು. ನನ್ನ ಕೈ ಅದನ್ನು ಮಾತ್ರ ಒಪ್ಪಲಿಲ್ಲ. ಮೊದಲ ಅಕ್ಷರ ಎಳೆಯುವುದು, ಎರಡನೆಯದು ಓಡಿಬರುವುದು. ಆದರೂ ವೇಗ ಸಾಕಷ್ಟಿತ್ತು, ತಪ್ಪೂ ಕಡಿಮೆ. ಮಾಸ್ಟರ್‌ಜಿ ಕೊನೆಗೆ "ಅಚ್ಛಾ, ಪಾಸ್ ಹೋ ಜಾವೋಗಿ" ಎಂದು ಕೈಬಿಟ್ಟರು.

ಆ ಪರೀಕ್ಷೆಗೆ ಟೈಪ್‌ರೈಟರನ್ನು ನಾವೇ ತೆಗೆದುಕೊಂಡು ಹೋಗಬೇಕಾಗಿತ್ತು. ಇನ್‌ಸ್ಟಿಟ್ಯೂಟಿನಿಂದ ಬಾಡಿಗೆಗೆ ತಂದ ಯಂತ್ರವನ್ನು ಆಟೋದಲ್ಲಿ ಅಪ್ಪ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಂಪ್ ಬಂದಾಗಲೆಲ್ಲ "ಭಯ್ಯಾ, ಧೀರೇ" ಎನ್ನುತ್ತ ಅದನ್ನು ತಬ್ಬಿಕೊಳ್ಳುತ್ತಿದ್ದರು. ಗೇಟಿನ ಮುಂದೆ ನೋಡಿದರೆ ದಿಲ್ಲಿಯ ಮೂಲೆಮೂಲೆಯಿಂದ ಅಪ್ಪಂದಿರು, ಅಣ್ಣಂದಿರು ಯಂತ್ರ ಹೊತ್ತು ಬರುತ್ತಿದ್ದರು. ಒಬ್ಬ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬಂದಿದ್ದ. ಅಪ್ಪ ಒಳಗಿನ ಬೆಂಚಿನವರೆಗೆ ಹೊತ್ತು ತಂದು ಇಟ್ಟು, ರಿಬ್ಬನ್ ಒಮ್ಮೆ ಮುಟ್ಟಿ ನೋಡಿ ಹೊರಗೆ ಹೋದರು.

ಪ್ಯಾಸೇಜು ಸೆಣಬು ಬೆಳೆಗಾರರ ಬಗ್ಗೆ. ಇಂಗ್ಲಿಷಿನಲ್ಲಿ "ದಿ ಜೂಟ್ ಗ್ರೋವರ್ಸ್ ಆಫ್ ದಿ ಕಂಟ್ರಿ" ಎಂದು ಶುರುವಾಗುತ್ತಿತ್ತು. ಗಂಟೆ ಹೊಡೆಯಿತು, ಇಡೀ ಹಾಲ್ ಒಟ್ಟಿಗೆ ಶುರು ಮಾಡಿತು.

ಅಂಥ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ತಗಡಿನ ಚಾವಣಿಯ ಕೆಳಗೆ ನೂರಾರು ಯಂತ್ರ, ಒಂದೊಂದಕ್ಕೂ ಒಂದೊಂದು ನಡೆ. ನನ್ನ ಎಡಗಡೆಯ ಹುಡುಗಿ ಮೂರು ಮೂರಾಗಿ ಹೊಡೆಯುತ್ತಿದ್ದಳು, ಹಿಂದಿನವನು ನಾಲ್ಕು ನಾಲ್ಕಾಗಿ. ಎಲ್ಲೋ ದೂರದಲ್ಲಿ ಯಾರದೋ ಯಂತ್ರ ಕುಂಟುತ್ತಿತ್ತು, ಆ ಕುಂಟೂ ಲಯಕ್ಕೇ ಬೀಳುತ್ತಿತ್ತು. ಮೊದಲ ಪ್ಯಾರಾವನ್ನು ನಾನು ಸರಿಯಾಗಿಯೇ ಹೊಡೆದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ನನ್ನ ಬೆರಳು ಎಡಗಡೆಯವಳ ಮೂರಕ್ಕೂ ಹಿಂದಿನವನ ನಾಲ್ಕಕ್ಕೂ ನಡುವೆ ಜಾಗ ಹುಡುಕತೊಡಗಿತ್ತು. ಆಮೇಲೆ ನಡೆದದ್ದು ಜಾಝ್ ನುಡಿಸುವವರಿಗೆ ಮಾತ್ರ ಆಗಬಲ್ಲ ಅನಾಹುತ. ಮೂಲ ಧಾಟಿ ಒಮ್ಮೆ ಮುಗಿಯಿತು, ಇನ್ನು ನನ್ನ ಸರದಿ ಎಂದು ಕೈ ತಾನೇ ತೀರ್ಮಾನ ಮಾಡಿಬಿಟ್ಟಿತು. ಜೂಟ್ ಗ್ರೋವರ್ಸ್, ಗ್ರೋವರ್ಸ್ ಆಫ್ ಜೂಟ್, ಆಫ್ ದಿ ಕಂಟ್ರಿ ದಿ ಜೂಟ್. ಸೆಣಬು ಬೆಳೆಗಾರರನ್ನು ನಾನು ಹಿಂದೆ ಮುಂದೆ, ಅಡ್ಡಡ್ಡ ಬೆಳೆಸಿದೆ. ಕಣ್ಣು ಕಾಗದದ ಮೇಲೆಯೇ ಇತ್ತು, ಕಿವಿ ಮಾತ್ರ ಹಾಲಿನ ತುಂಬ ಓಡಾಡುತ್ತಿತ್ತು. "ಇನ್ನೊಂದು ನಿಮಿಷ" ಎಂದು ಮೇಲ್ವಿಚಾರಕರು ಕೂಗಿದಾಗ, ಪದ್ಧತಿಯಂತೆ ಮೂಲಕ್ಕೆ ಮರಳಿ, ಪ್ಯಾಸೇಜಿನ ಕೊನೆಯ ಸಾಲನ್ನು ಒಂದೂ ತಪ್ಪಿಲ್ಲದೆ ಹೊಡೆದು ಮುಗಿಸಿದೆ. ಮೈಯೆಲ್ಲ ಬೆವರು. ಇಷ್ಟು ಚೆನ್ನಾಗಿ ನಾನು ಎಂದೂ ನುಡಿಸಿರಲಿಲ್ಲ ಎನ್ನಿಸಿತು. ಕಾಗದವನ್ನು ಯಂತ್ರದಿಂದ ಎಳೆದು ಓದಿದೆ. ನಡುವೆ ಎಲ್ಲೂ ಪ್ಯಾಸೇಜು ಇರಲಿಲ್ಲ, ಪಾಸಾಗುವ ಮಾತೂ ಇರಲಿಲ್ಲ.

ಹಿಂತಿರುಗುವ ಆಟೋದಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಮತ್ತೆ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸಫ್ದರ್‌ಜಂಗ್ ಹತ್ತಿರ ಬಂದಾಗ ಕೇಳಿದರು.

"ಕೊನೇ ಸಾಲು ಸರಿಯಿತ್ತಾ?"

"ಸರಿಯಿತ್ತು ಅಪ್ಪ."

"ಹೂಂ" ಎಂದರು. ಆ ವಿಷಯದಲ್ಲಿ ಅವರು ಆಡಿದ ಮಾತು ಅಷ್ಟೇ. ಆ ಹೂಂನಲ್ಲಿ ಕೋಪ ಎಷ್ಟು, ದುಃಖ ಎಷ್ಟು ಎಂದು ನನಗೆ ಬಹಳ ವರ್ಷ ತಿಳಿಯಲಿಲ್ಲ. ಅಮ್ಮ ಹಾಗಲ್ಲ. ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಚಾಪೆಯ ಮೇಲೆ ಸೇರಿದ್ದ ಇಡೀ ಕಾಲೋನಿಗೆ ನನ್ನ ಕಥೆಯನ್ನು ತನ್ನ ಹಿಂದಿಯಲ್ಲಿ ಹೇಳಿ, ಹೇಳುತ್ತ ಹೇಳುತ್ತ ತಾನೇ ನಕ್ಕುಬಿಟ್ಟಳು. "ಬೇಕೂಂತ ಮಾಡಿದ್ಯೇನೇ?" ಎಂದು ಆಮೇಲೆ ಕೇಳಿದಳು. ಇಲ್ಲ ಎಂದೆ. ಅದು ನಿಜ. ಬೇಕೆಂದು ಕೂತರೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಆ ಸದ್ದು ಮಾತ್ರ ತಲೆಯಿಂದ ಹೋಗಲಿಲ್ಲ. ಕಮೋಡುಗಳ ನಡುವೆ ಕೂತು ಅದನ್ನು ಬರೆದೆ. ಡ್ರಮ್ಸಿಗೆ ಮೂರು, ಬೇಸ್ ಗಿಟಾರಿಗೆ ನಾಲ್ಕು, ನಡುವೆ ನನ್ನ ಗಿಟಾರು. ಹೆಸರು 'ಸೆಣಬು' ಎಂದಿಟ್ಟೆ. ಅದಕ್ಕೆ ಮುಂಚೆ ನಾನು ಬರೆದದ್ದೆಲ್ಲ ಯಾರದೋ ಕ್ಯಾಸೆಟ್ಟಿನ ನೆರಳಿನಂತಿತ್ತು. ಇದು ನನ್ನದಾಗಿತ್ತು. ಮೊದಲ ಸಲ ನುಡಿಸಿದಾಗ ಬಂಗಾಳಿ ಆ ದಿನದ ನಾಲ್ಕು ಮಾತನ್ನೂ ಒಟ್ಟಿಗೆ ಖರ್ಚು ಮಾಡಿದ. "ಇನ್ನು ಮದುವೆಗಳಿಗೆ ಹೋಗೋದು ಬೇಡ" ಎಂದ.

ಹಾಗೇ ಆಯಿತು. ದಕ್ಷಿಣ ದಿಲ್ಲಿಯ ಒಂದು ಸಣ್ಣ ರೆಸ್ಟೋರೆಂಟಿನಲ್ಲಿ ಪ್ರತಿ ಗುರುವಾರ ನುಡಿಸತೊಡಗಿದೆವು. ಜನ ಊಟದ ನಡುವೆ ಚಮಚ ಕೆಳಗಿಟ್ಟು ಕೇಳುವಷ್ಟಾಯಿತು. ನಾಟಕಗಳಿಗೆ, ಸಾಕ್ಷ್ಯಚಿತ್ರಗಳಿಗೆ ಸಂಗೀತ ಕೇಳಿಕೊಂಡು ಬಂದರು. ಒಂದು ಆಲ್ಬಂ ಆಯಿತು, ಹೊರದೇಶದ ಉತ್ಸವಗಳಾದವು. ಒಂದು ಕಡೆ ನಿರೂಪಕಿ ಗೌರವದಿಂದ 'ಸೆಣಬು' ಎಂದರೆ ಭಾರತೀಯ ತತ್ತ್ವಶಾಸ್ತ್ರದ ಯಾವ ಪರಿಕಲ್ಪನೆ ಎಂದು ಕೇಳಿದಳು. ಗೋಣಿಚೀಲ ಎಂದೆ. ಎಲ್ಲಿ ಹೋದರೂ ಜನ ನುಡಿಸಿ ಎಂದು ಕೇಳುತ್ತಿದ್ದದ್ದು ಆ ರಚನೆಯನ್ನೇ. ಪತ್ರಿಕೆಯಲ್ಲಿ 'ಸೆಣಬು' ಹೆಸರು ಬಂದಾಗ ಅಪ್ಪ ಕನ್ನಡಕ ಏರಿಸಿ ಓದಿ, "ಇದು ಅದೇನಾ?" ಎಂದರು. ಹೌದು ಎಂದೆ. ಪತ್ರಿಕೆ ಮಡಿಸಿಟ್ಟು ವಾಕಿಂಗ್ ಹೋದರು. ನನ್ನ ಬೇರೆಲ್ಲ ರಚನೆಗಳನ್ನೂ ಮನೆಯಲ್ಲಿ ನುಡಿಸಿದ್ದೇನೆ, ಅದೊಂದನ್ನು ಮಾತ್ರ ನುಡಿಸಲಿಲ್ಲ. ಆ ಗೋಡೆಗಳ ನಡುವೆ ಅದನ್ನು ನುಡಿಸಲು ನನಗೆ ಮುಖ ಇರಲಿಲ್ಲ. ಅವರೂ ನುಡಿಸು ಎನ್ನಲಿಲ್ಲ.

ಅಪ್ಪನ ನಿವೃತ್ತಿ ಬಂತು. ಹಾರ, ಸಮೋಸ, ಒಂದು ಗೋಡೆ ಗಡಿಯಾರ. ಕೊಟ್ಟ ಗಡುವು ಮುಗಿಯುವ ಹೊತ್ತಿಗೆ ಇಂದಿರಾಪುರಂನಲ್ಲಿ ಒಂದು ಫ್ಲ್ಯಾಟು ನೋಡಿದೆವು, ನನ್ನ ಸಂಗೀತದ ಸಂಪಾದನೆಯಲ್ಲೇ ಬಾಡಿಗೆ. ಲಿಫ್ಟಿದೆ, ಬಚ್ಚಲಿನ ಬಾಗಿಲು ರಿಪೇರಿಯಿಲ್ಲದೆಯೇ ಸರಿಯಾಗಿ ಹಾಕಿಕೊಳ್ಳುತ್ತದೆ ಎಂದು ಅಮ್ಮನಿಗೆ ಆಸೆ ಹುಟ್ಟಿಸಲು ನೋಡಿದೆ. "ಬಾಗಿಲು ಹಾಕ್ಕೊಂಡು ಯಾರ ಜೊತೆ ಮಾತಾಡ್ಲಿ?" ಎಂದಳು.

ಮನೆ ಖಾಲಿ ಮಾಡುವ ದಿನ ಡ್ರಮ್ಸಿನವನು ಅಂಗಡಿಯ ಟೆಂಪೋ ತಂದ. ಬೇಸಿನವನು ರಜೆ ಹಾಕಿ ಬಂದ. ಮಧ್ಯಾಹ್ನದ ಹೊತ್ತಿಗೆ ಸಾಮಾನೆಲ್ಲ ಏರಿತ್ತು. ಅಮ್ಮ ಕೊನೆಯ ಅಡುಗೆ ಎಂದು ಬಿಸಿಬೇಳೆ ಭಾತ್ ಮಾಡಿದ್ದಳು, ಅರ್ಧ ಕಾಲೋನಿ ತಟ್ಟೆ ಹಿಡಿದು ಹುಲ್ಲಿನ ಮೇಲೆ ಕೂತಿತ್ತು. ಟೆಂಪೋದಲ್ಲಿ ಜಾಗ ಸಾಲದೆ ಒಂದು ಕಬ್ಬಿಣದ ಟ್ರಂಕು ಹೊರಗೇ ಉಳಿದಿತ್ತು, ಅಪ್ಪ ಅದರ ಮುಂದೆ ಬೆತ್ತದ ಮೋಡಾ ಹಾಕಿಕೊಂಡು ಕೂತಿದ್ದರು. ಖಾಲಿ ಕೋಣೆಯಲ್ಲಿ ಡ್ರಮ್ಸಿನವನು ಚಪ್ಪಾಳೆ ತಟ್ಟಿ ನೋಡಿ, ಗೋಡೌನಿಗಿಂತ ಚೆನ್ನಾಗಿ ಮೊಳಗುತ್ತದೆ ಎಂದು ಒಂದು ಡ್ರಮ್ಮು ತಂದ. ನುಡಿಸಲು ಶುರು ಮಾಡಿದೆವು. ನಾಲ್ಕೈದು ಆದ ಮೇಲೆ ಅಪ್ಪ ಬಾಗಿಲ ಹೊರಗಿನಿಂದ, ತಿರುಗಿ ನೋಡದೆ, "ಆ ಸೆಣಬಿಂದು ಬಾರಿಸಿ" ಎಂದರು.

ಬಂಗಾಳಿ ಕಣ್ಣಿನಲ್ಲೇ ಏನು ಮಾಡೋಣ ಎಂದ. ಗಿಟಾರು ಹಿಡಿದು ಬಾಗಿಲಿಗೆ ಬಂದು ನಿಂತೆ, ಅಪ್ಪನ ಬೆನ್ನು ಕಾಣುವ ಹಾಗೆ. ಶುರು ಮಾಡಿದೆವು. ಸ್ವಲ್ಪ ಹೊತ್ತಿನಲ್ಲಿ ನಮ್ಮದಲ್ಲದ ಒಂದು ಸದ್ದು ಕೇಳತೊಡಗಿತು. ಅಪ್ಪ ಟ್ರಂಕಿನ ಮುಚ್ಚಳದ ಮೇಲೆ ಹತ್ತೂ ಬೆರಳು ಇಟ್ಟು ಟೈಪ್ ಮಾಡುತ್ತಿದ್ದರು. ತಾಳ ಹಾಕುತ್ತಿದ್ದದ್ದಲ್ಲ, ಟೈಪ್ ಮಾಡುತ್ತಿದ್ದರು. ಬೆನ್ನು ನೆಟ್ಟಗೆ, ಮೊಣಕೈ ಒಳಗೆ, ಸಾಲು ಮುಗಿದಾಗ ಎಡಗೈ ಎತ್ತಿ ಬಲಕ್ಕೆ ತಳ್ಳುವುದು. ಒಂದೊಂದು ಹೊಡೆತವೂ ಸಮ. ನಮ್ಮ ಮೂರು ನಾಲ್ಕು ಯಾವುದಕ್ಕೂ ಅವರು ಸೊಪ್ಪು ಹಾಕಲಿಲ್ಲ. ಆ ಸಮದ ಮೇಲೆ ನಮ್ಮ ಎಳೆತ ತಿರುಚುಗಳೆಲ್ಲ ಇನ್ನೂ ಎದ್ದು ಕಂಡವು. ಡ್ರಮ್ಸಿನವನು ನಗುತ್ತ ತಲೆ ಅಲ್ಲಾಡಿಸಿದ. ನನಗೆ ಅಳು ಬಂತು, ಸಂತೋಷದ್ದೇ. ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ ಇನ್ನೊಂದು ಸುತ್ತು ನುಡಿಸಿದೆವು.

ಮುಗಿದಾಗ ಡ್ರಮ್ಸಿನವನು, "ಅಂಕಲ್, ಕ್ಯಾ ಬಜಾಯಾ ಆಪ್‌ನೇ?" ಎಂದ.

"ಬಜಾಯಾ ನಹೀ, ಟೈಪ್ ಕಿಯಾ" ಎಂದು ಅಪ್ಪ ನನ್ನ ಕಡೆ ತಿರುಗಿದರು. "ಬಾರಿಸಿದ್ದಲ್ಲಮ್ಮ, ಟೈಪ್ ಮಾಡಿದ್ದು. ಕ್ವಾರ್ಟರ್ ಬಿಟ್ಟುಕೊಡೋ ಅರ್ಜಿ. ಆಫೀಸಲ್ಲಿ ಹುಡುಗರು ಕಂಪ್ಯೂಟರಲ್ಲಿ ಹೊಡೆದು, ಸೈನ್ ಹಾಕಿ ಸಾರ್ ಅಂದ್ರು. ಹಾಕಿದೆ. ನಾನೇ ಹೊಡೀಬೇಕು ಅಂತ ಇತ್ತು ಮನಸ್ಸಲ್ಲಿ."

ಅಮ್ಮ ಸೌಟು ಹಿಡಿದು ನಿಂತಿದ್ದಳು. "ಸರಿಯಾಗಿ ಹೊಡೆದ್ರಾ?" ಎಂದಳು.

"ಒಂದು ತಪ್ಪಾಯ್ತು. ಕೊನೇ ಸಾಲು ಎರಡು ಸಲ ಹೊಡೆದುಬಿಟ್ಟೆ" ಎಂದರು ಅಪ್ಪ. "ಇವರಿನ್ನೂ ಬಾರಿಸ್ತಾ ಇದ್ರು. ನಿಲ್ಸೋಕೆ ಮನಸ್ಸು ಬರ್ಲಿಲ್ಲ ಕಣೇ."